ಎಡ್ವಿನ್ ಫಾಕ್ಸ್: ಒಂದು ಹಡಗು, ಹಲವು ವಲಸೆಗಳು



ಹೊರನಾಡ ಕನ್ನಡಿಗರ ವಲಸೆಯನ್ನು ಕುರಿತು ಮಾತನಾಡಬೇಕೆಂದು ತಾವು ಕೇಳಿದಿರಿ. ನಾನು ಒಂದು ಹಡಗಿನ ಚರಿತ್ರೆಯನ್ನು ಎತ್ತಿಕೊಂಡಿದ್ದೇನೆ. ವಲಸೆ ಎಂಬ ಒಂದೇ ಮಾತಿನೊಳಗೆ ಎಷ್ಟು ಬಗೆಯ ಬಾಳುಗಳು ಅಡಗಿವೆ ಎಂಬುದನ್ನು ಇದರಷ್ಟು ಸ್ಪಷ್ಟವಾಗಿ ತೋರುವ ನಿದರ್ಶನ ನನಗೆ ಬೇರೆ ದೊರೆತಿಲ್ಲ.

ಎಡ್ವಿನ್ ಫಾಕ್ಸ್ 1853ರಲ್ಲಿ ಕಲ್ಕತ್ತೆಯ ಎದುರಿಗೆ, ಹೂಗ್ಲಿ ನದಿಯ ಆಚೆ ದಡದ ಸಾಲ್ಕಿಯಾದಲ್ಲಿ ನಿರ್ಮಾಣವಾದ ವ್ಯಾಪಾರಿ ಹಾಯಿಹಡಗು. ಉದ್ದ ಸುಮಾರು 48 ಮೀಟರು. ಅದರ ಬಲವೆಲ್ಲ ತೇಗದ ಮರದಲ್ಲಿತ್ತು. ಓಕ್ ಮರದಲ್ಲಿರುವ ಆಮ್ಲ ಕಬ್ಬಿಣದ ಮೊಳೆಗಳನ್ನು ತಿನ್ನುತ್ತದೆ. ತೇಗದ ಎಣ್ಣೆಯಂಶ ಮೊಳೆಯನ್ನೂ ಕಾಯುತ್ತದೆ, ಮರವನ್ನೂ ಕಾಯುತ್ತದೆ. ಲಂಡನ್ನಿನ ಹಡಗು ಮಾಲೀಕ ಡಂಕನ್ ಡನ್‌ಬಾರ್ ಇದನ್ನು ಕೊಂಡನು.

ಮುಂದೆ ಈ ಹಡಗು ಹೊತ್ತದ್ದು ಸರಕನ್ನು ಮಾತ್ರವಲ್ಲ. ಕ್ರಿಮಿಯಾ ಯುದ್ಧದ ಕಾಲದಲ್ಲಿ ಬಾಲ್ಟಿಕ್ ಸಮುದ್ರಕ್ಕೆ ಸೈನಿಕರನ್ನು ಸಾಗಿಸಿತು. ಕರಾರಿಗೆ ಕಟ್ಟುಬಿದ್ದ ಚೀನೀ ಕೂಲಿಗಳನ್ನು ಕ್ಯೂಬಾಕ್ಕೆ ಒಯ್ದಿತು. 1858ರಲ್ಲಿ 280 ಕೈದಿಗಳನ್ನು ಪಶ್ಚಿಮ ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನಲ್ಲಿ ಇಳಿಸಿತು. ಆಸ್ಟ್ರೇಲಿಯಾಕ್ಕೆ ಕೈದಿಗಳನ್ನು ಸಾಗಿಸಿದ ಹಡಗುಗಳಲ್ಲಿ ಇಂದು ಉಳಿದಿರುವುದು ಇದೊಂದೇ. 1873ರಿಂದ 1880ರವರೆಗೆ ನಾಲ್ಕು ಯಾನಗಳಲ್ಲಿ, ಹೊಸ ಬದುಕನ್ನರಸಿ ಹೊರಟ 700ಕ್ಕೂ ಹೆಚ್ಚು ಮಂದಿಯನ್ನು ನ್ಯೂಜಿಲೆಂಡಿಗೆ ಮುಟ್ಟಿಸಿತು.

ಉಗಿಹಡಗುಗಳು ಮೇಲುಗೈ ಪಡೆದಾಗ ಇದರ ಯಾನ ನಿಂತಿತು. 1885ರಲ್ಲಿ ಕುರಿಮಾಂಸವನ್ನು ಶೈತ್ಯೀಕರಿಸುವ ತೇಲುವ ಉಗ್ರಾಣವಾಯಿತು. 1897ರಲ್ಲಿ ಪಿಕ್ಟನ್ ಬಂದರಿಗೆ ಬಂದು, ಕೊನೆಗೆ ಕಲ್ಲಿದ್ದಲು ತುಂಬುವ ಬರಿ ಒಡಲಾಯಿತು. 1965ರಲ್ಲಿ ಅಲ್ಲಿನ ಆಸಕ್ತರು ಕಟ್ಟಿದ ಒಂದು ಸಂಸ್ಥೆ ಅದನ್ನು ಒಂದು ಷಿಲಿಂಗಿಗೆ ಕೊಂಡಿತು. ಮತ್ತೆ ಹಾಯಿಯೇರಿಸುವ ಕನಸು ಕೈಗೂಡಲಿಲ್ಲ. ಇದ್ದ ಒಡಲನ್ನು ಇದ್ದಂತೆಯೇ ಉಳಿಸಿಕೊಂಡು, 1999ರಲ್ಲಿ ಒಣ ಹಡಗುಕಟ್ಟೆಗೆ ತಂದು ನಿಲ್ಲಿಸಿದರು.

ಭಾರತದಲ್ಲಿ ಕಟ್ಟಿದ ಹಡಗು ಇಷ್ಟು ಕಾಲ ಬಾಳಿತೆಂದು ನಾವು ಹೆಮ್ಮೆಪಡಬಹುದು, ಪಡೋಣ. ಆದರೆ ಹೆಮ್ಮೆಯಲ್ಲೇ ಮಾತು ಮುಗಿಯಬಾರದು. ಅದೇ ತೇಗದ ಹಲಗೆಯ ಮೇಲೆ ಒಬ್ಬನು ಸಂಕೋಲೆಗೆ ಒಳಗಾಗಿ ಹೋದನು, ಇನ್ನೊಬ್ಬನು ಕರಾರಿನ ಕಾಗದಕ್ಕೆ, ಮತ್ತೊಬ್ಬನು ತನ್ನ ಆಸೆಗೆ. ಮೂವರನ್ನೂ ‘ಪ್ರಯಾಣಿಕರು’ ಎಂದು ಒಂದೇ ಪಟ್ಟಿಯಲ್ಲಿ ಬರೆದರೆ ಅದು ಚರಿತ್ರೆಯಾಗದು.

ನಮ್ಮ ವಿಷಯಕ್ಕೆ ಬರುತ್ತೇನೆ. ಕೇಂದ್ರ ಸರಕಾರದ ಸೇವೆಯಲ್ಲಿರುವ ನಾನು ಊರು ಬಿಟ್ಟದ್ದು ನೇಮಕಾತಿಯ ಆದೇಶ ಹಿಡಿದು. ವರ್ಗಾವಣೆಯಾದಾಗಲೆಲ್ಲ ಸಾಮಾನು ಸಾಗಿಸುವ ವೆಚ್ಚವನ್ನು ಸರಕಾರವೇ ಭರಿಸಿದೆ. ಕರಾವಳಿಯಿಂದ ಹಡಗೇರಿ ಮುಂಬಯಿಗೆ ಬಂದು, ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕನ್ನಡ ಅಕ್ಷರ ಕಲಿತ ಬಾಲಕನಿಗೆ ಅಂಥ ಆದೇಶವೇನೂ ಇರಲಿಲ್ಲ. ನಾವಿಬ್ಬರೂ ‘ಹೊರನಾಡ ಕನ್ನಡಿಗರು’. ಆದರೆ ನಮ್ಮ ಸಂಘಗಳ ಸ್ಮರಣಸಂಚಿಕೆಗಳನ್ನು ತೆರೆದು ನೋಡಿ: ಅಧ್ಯಕ್ಷರ ಭಾವಚಿತ್ರಗಳಿವೆ, ದಾನಿಗಳ ಹೆಸರುಗಳಿವೆ, ನನ್ನಂಥ ಅಧಿಕಾರಿಗಳ ಶುಭಾಶಯಗಳಿವೆ. ಆ ಬಾಲಕನ ಪಯಣಕ್ಕೆ ಅಲ್ಲಿ ದೊರೆಯುವ ಸ್ಥಳ ತೀರ ಕಡಮೆ.

ಆದ್ದರಿಂದ ಸಂಘದ ಮುಂದೆ ಒಂದು ಸೂಚನೆ ಇಡುತ್ತೇನೆ. ಹೋಟೆಲು, ಗಿರಣಿ, ಕಟ್ಟಡಗಳಲ್ಲಿ ದುಡಿದ ನಮ್ಮ ಹಿರಿಯರು ಇನ್ನೂ ನಮ್ಮ ನಡುವೆ ಇದ್ದಾರೆ. ಯಾವ ಊರಿನಿಂದ, ಯಾವ ವರ್ಷ, ಯಾರ ಜೊತೆ, ಯಾವ ಸಾಲಕ್ಕಾಗಿ ಬಂದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ಬರೆದಿಡೋಣ. ಅವರ ಮಾತನ್ನು ತಿದ್ದಿ ಚಂದಗೊಳಿಸುವುದು ಬೇಡ. ಮುಂದಿನ ರಾಜ್ಯೋತ್ಸವದ ಸಂಚಿಕೆಯಲ್ಲಿ ಮೊದಲ ಪುಟಗಳು ಅವರಿಗಿರಲಿ. ನಮ್ಮ ಶುಭಾಶಯಗಳಿಗೆ ಕೊನೆಯ ಪುಟ ಸಾಕು.