ಒಂದೇ ಉಪದೇಶ, ಬೇರೆ ಬೇರೆ ಕಿವಿ



ಪ್ರವಚನದ ನಡುವೆ ಒಬ್ಬರು ಆಕಳಿಸಿದರೆ ‘ಭಕ್ತಿ ಸಾಲದು’ ಎಂದು ಬೇಗ ತೀರ್ಪು ಕೊಟ್ಟುಬಿಡುತ್ತೇವೆ. ಆಂಗ್ಲಿಕನ್ ಚರ್ಚುಗಳಲ್ಲಿ ಕೇಳುಗರ ಸ್ವಭಾವವನ್ನೇ ಅಳೆದು ನೋಡಿದವರಿದ್ದಾರೆ. ಬ್ರಿಟನ್ನಿನ ಲೆಸ್ಲಿ ಫ್ರಾನ್ಸಿಸ್ ಅವರಲ್ಲಿ ಪ್ರಮುಖರು; ಪಾದ್ರಿಯೂ ಹೌದು, ಮನಶ್ಶಾಸ್ತ್ರಜ್ಞರೂ ಹೌದು.

ಅವರ ಕೆಲಸಕ್ಕೆ ಅಡಿಪಾಯ, ಕಾರ್ಲ್ ಯೂಂಗ್ 1921ರಲ್ಲಿ ಮಂಡಿಸಿದ ಸ್ವಭಾವಗಳ ವಿಂಗಡಣೆ. ಕೆಲವರು ಕಂಡ, ಕೇಳಿದ ವಿವರವನ್ನು ಹಿಡಿಯುತ್ತಾರೆ. ಕೆಲವರು ಅದರ ಒಳಾರ್ಥಕ್ಕೆ ಹಾರುತ್ತಾರೆ. ತೀರ್ಮಾನದ ಹೊತ್ತಿಗೆ ಕೆಲವರಿಗೆ ಜನರ ಸುಖದುಃಖ ಮುಖ್ಯ, ಕೆಲವರಿಗೆ ತರ್ಕ.

ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಒಂದು ಕಥೆ ಇದೆ. ಮೂರ್ಛೆ ಬೀಳುವ ಮಗನನ್ನು ತಂದೆ ಕರೆತರುತ್ತಾನೆ. ಶಿಷ್ಯರ ಕೈಲಿ ಆಗುವುದಿಲ್ಲ, ಯೇಸು ಗುಣಪಡಿಸುತ್ತಾನೆ. ಈ ಕಥೆಗೆ ಹಲವು ವ್ಯಾಖ್ಯಾನಗಳನ್ನು ಮುಂದಿಟ್ಟು, 11 ಚರ್ಚುಗಳ 404 ಸಾಮಾನ್ಯ ಸದಸ್ಯರಿಗೆ ತಮಗೊಪ್ಪುವುದನ್ನು ಆರಿಸಲು ಹೇಳಿದರು. ಆಂಡ್ರ್ಯೂ ವಿಲೇಜ್ ಮತ್ತು ಫ್ರಾನ್ಸಿಸ್ 2005ರಲ್ಲಿ ಪ್ರಕಟಿಸಿದ ಅಧ್ಯಯನ ಇದು. ಆಯ್ಕೆಗೂ ಸ್ವಭಾವಕ್ಕೂ ನಂಟು ಕಂಡಿತು. ಯೋಚಿಸಿ ನೋಡಿ: ಒಬ್ಬರ ಕಣ್ಣಿಗೆ ಕಟ್ಟುವುದು ಹುಡುಗನ ಬಾಯಿಯ ನೊರೆ. ಇನ್ನೊಬ್ಬರಿಗೆ ನಂಬಿಕೆ ಎಂದರೇನು ಎಂಬ ದೊಡ್ಡ ಪ್ರಶ್ನೆ. ತಾಯಂದಿರು ಆ ತಂದೆಯ ಸಂಕಟಕ್ಕೆ ಕರಗಿಯಾರು. ನನ್ನಂಥವನು ಕೇಳುವುದು, ಶಿಷ್ಯರಿಂದ ಯಾಕಾಗಲಿಲ್ಲ, ಕಾರಣ ಹೇಳಿ!

ನನಗೆ ಹೆಚ್ಚು ತಟ್ಟಿದ್ದು ಬೇರೆ. ಇಂಗ್ಲೆಂಡಿನ ಆಂಗ್ಲಿಕನ್ ಪಾದ್ರಿಗಳಲ್ಲಿ ಒಳಾರ್ಥ ಹುಡುಕುವವರು ಹೆಚ್ಚಂತೆ. ಎದುರು ಬೆಂಚುಗಳಲ್ಲಿ ಕುಳಿತವರಲ್ಲಿ ವಿವರ ಬೇಡುವವರೇ ಹೆಚ್ಚು. ಬಡಿಸುವವರು ತಮಗೆ ರುಚಿಸಿದ್ದನ್ನೇ ಬಡಿಸುತ್ತಾರೆ, ಉಣ್ಣುವವರ ಹಸಿವು ಬೇರೆ. ಆದ್ದರಿಂದ ಒಂದೇ ಉಪದೇಶದಲ್ಲಿ ನಾಲ್ಕೂ ಸ್ವಭಾವಕ್ಕೆ ಒಂದೊಂದು ತುತ್ತಾದರೂ ಇರಲಿ ಎನ್ನುತ್ತಾರೆ ಫ್ರಾನ್ಸಿಸ್. ‘ಸಿಫ್ಟ್’ ಎಂಬುದು ಆ ವಿಧಾನದ ಹೆಸರು.

ಕಾಂಕ್ರೀಟಿನ ಘನವನ್ನು ಯಂತ್ರದಲ್ಲಿಟ್ಟು ಒತ್ತಿದರೆ ಅದರ ಬಲ ಗೊತ್ತಾಗುತ್ತದೆ. ಮನಸ್ಸು ಹಾಗಲ್ಲ. ಯೂಂಗರ ವಿಚಾರದ ಮೇಲೆಯೇ ಕಟ್ಟಿದ ಮೈಯರ್ಸ್–ಬ್ರಿಗ್ಸ್ ಪ್ರಶ್ನಾವಳಿಯನ್ನು ಕೆಲವು ವಾರ ಬಿಟ್ಟು ಮತ್ತೆ ಕೊಟ್ಟರೆ ಹಲವರು ಬೇರೆ ಗುಂಪಿಗೆ ಬೀಳುತ್ತಾರೆ. ಇದು ಮನಶ್ಶಾಸ್ತ್ರಜ್ಞರೇ ಎತ್ತಿದ ಆಕ್ಷೇಪ. ಆದಕಾರಣ ‘ಇವರು ಭಾವನೆಯವರು, ಅವರು ತರ್ಕದವರು’ ಎಂದು ಹಣೆಪಟ್ಟಿ ಹಚ್ಚುವುದು ಬೇಡ. ಹುಟ್ಟಿನ ಜಾತಿಯನ್ನು ಅಲ್ಲಗಳೆದ ನಾವು ಸ್ವಭಾವದ ಜಾತಿ ಕಟ್ಟಬಾರದು.

ಉಪದೇಶಕರಿಗೆ ಮಾತ್ರ ಇದು ಉಪಯುಕ್ತ ಅಳತೆಗೋಲು. ನಮ್ಮ ಮಾಸಿಕ ಅನುಭಾವ ಗೋಷ್ಠಿಯಲ್ಲಿ ಪ್ರವಚನ ಮುಗಿದ ಮೇಲೆ ಹತ್ತು ನಿಮಿಷ ಉಳಿಸಿ. ಯಾವ ಮಾತು ಮುಟ್ಟಿತು, ಯಾವುದು ಮುಟ್ಟಲಿಲ್ಲ ಎಂದು ಕೇಳಿ. ಹಿಂದಿನ ಸಾಲಿನಿಂದಲೇ ಶುರು ಮಾಡಿ, ಮುಂದಿನ ಸಾಲಿನವರು ಹೇಗೂ ‘ಬಹಳ ಚೆನ್ನಾಗಿತ್ತು’ ಎನ್ನುತ್ತಾರೆ.