ಪಕ್ಕದಲ್ಲಿ ಕೂತು ಕೇಳೋಣ
(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣ)



ಸಾಫ್ಟ್‌ವೇರ್ ಕೆಲಸದವನನ್ನು ಕರೆದಿದ್ದೀರಿ, ಕಂಪ್ಯೂಟರ್ ಬಗ್ಗೆ ಹೇಳುತ್ತಾನೆ ಎಂದುಕೊಂಡಿರಬಹುದು. ನಾನು ಇವತ್ತು ಸಂಗೀತ ಕೇಳುವುದರ ಬಗ್ಗೆ ಮಾತಾಡುತ್ತೇನೆ. ನನಗೆ ಹಾಡಲು ಬರುವುದಿಲ್ಲ. ಆದರೆ ಕಾಲೇಜು ದಿನಗಳಿಂದ ಇವತ್ತಿನವರೆಗೂ ಸಂಗೀತ ಕಾರ್ಯಕ್ರಮಗಳಿಗೆ ಹೋಗಿ ಕೂತಿದ್ದೇನೆ. ಹಾಡುವವರ ಬಗ್ಗೆ ಹೇಳಲು ಬಹಳ ಜನ ಇದ್ದಾರೆ, ಕೇಳುವವರ ಪರವಾಗಿ ಎರಡು ಮಾತು ನಾನು ಹೇಳುತ್ತೇನೆ.

ನಾವು ಹುಟ್ಟಿದ ಸೀಮೆ ಸಾಮಾನ್ಯವಾದದ್ದಲ್ಲ. ಸವಾಯಿ ಗಂಧರ್ವರು ಕುಂದಗೋಳದವರು. ಅವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ ಅವರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದರು. ಭೀಮಸೇನ ಜೋಶಿ ಗದಗಿನ ಹುಡುಗ. ಮಲ್ಲಿಕಾರ್ಜುನ ಮನಸೂರರ ಹೆಸರಿನಲ್ಲೇ ಧಾರವಾಡದ ಪಕ್ಕದ ಹಳ್ಳಿ ಇದೆ. ಬಸವರಾಜ ರಾಜಗುರು ಯಲಿವಾಳದವರು. ಇಷ್ಟು ದೊಡ್ಡ ಗಾಯಕರು ಇಷ್ಟು ಸಣ್ಣ ಊರುಗಳಿಂದ ಬಂದಿದ್ದು ಹೇಗೆ ಎಂದು ಜನ ಕೇಳುತ್ತಾರೆ. ಈ ಊರುಗಳಲ್ಲಿ ಕೂತು ಕೇಳುವ ಜನ ಇದ್ದರು ಎಂಬುದೂ ಒಂದು ಕಾರಣ ಎಂದು ನನಗೆ ಅನಿಸುತ್ತದೆ.

ಆಗ ಅಹೋರಾತ್ರಿ ಸಂಗೀತ ನಡೆಯುತ್ತಿತ್ತು. ಜನ ರೊಟ್ಟಿ ಬುತ್ತಿ ಕಟ್ಟಿಕೊಂಡು, ಕಂಬಳಿ ಹೊದ್ದುಕೊಂಡು ಬರುತ್ತಿದ್ದರು. ನಡುವೆ ಒಂದು ನಿದ್ದೆ ತೆಗೆದರೂ ಯಾರೂ ಬೈಯುತ್ತಿರಲಿಲ್ಲ. ಹಿಂದುಸ್ತಾನಿ ಸಂಗೀತದಲ್ಲಿ ರಾಗಗಳಿಗೆ ಹೊತ್ತು ಇದೆ. ಸಂಜೆಗೆ ಯಮನ್, ರಾತ್ರಿ ಬೆಳೆದ ಮೇಲೆ ದರ್ಬಾರಿ, ಮಾಲಕೌಂಸ್, ಬೆಳಕು ಹರಿಯುವ ಮುಂಚೆ ಲಲಿತ್, ಹರಿದ ಮೇಲೆ ಭೈರವ್. ರಾತ್ರಿಯಿಡೀ ಕೂತವರಿಗೆ ಇವೆಲ್ಲ ತಮ್ಮ ತಮ್ಮ ಹೊತ್ತಿಗೆ ಸಿಗುತ್ತಿದ್ದವು.

2000ದಲ್ಲಿ ಶಬ್ದ ಮಾಲಿನ್ಯ ನಿಯಂತ್ರಣದ ನಿಯಮಗಳು ಬಂದವು. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಹಬ್ಬ-ಉತ್ಸವಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸರ್ಕಾರ ವಿನಾಯಿತಿ ಕೊಡಬಹುದು. ನಿಯಮ ತಪ್ಪಲ್ಲ. ಕಾಯಿಲೆಯವರಿಗೆ, ಎಳೆಗೂಸುಗಳಿಗೆ, ಪರೀಕ್ಷೆಗೆ ಓದುವ ಮಕ್ಕಳಿಗೆ ನಿದ್ದೆ ಬೇಕು. ಆದರೆ ಅದರ ಜೊತೆಗೆ ನಡುರಾತ್ರಿಯ ರಾಗಗಳನ್ನು ಅವುಗಳ ಹೊತ್ತಿನಲ್ಲಿ ಎದುರು ಕೂತು ಕೇಳುವ ಅವಕಾಶ ಬಹಳ ಕಡಿಮೆಯಾಯಿತು.

ಎರಡನೆಯ ಬದಲಾವಣೆ ನಮ್ಮ ಬದುಕಿನದು. ಹುಬ್ಬಳ್ಳಿಯಲ್ಲಿ ಬಿ.ಇ. ಓದುವಾಗ ಯಾರು ಹಾಡುತ್ತಾರೆ ಎಂದಷ್ಟೇ ನೋಡಿ ಹೊರಡುತ್ತಿದ್ದೆ. ಕೊನೆಯ ಬಸ್ಸು ತಪ್ಪಿದರೆ ನಡೆದುಕೊಂಡು ಹಾಸ್ಟೆಲಿಗೆ. ಬೆಂಗಳೂರಿಗೆ ಹೋದ ಮೇಲೆ ಚಾಮರಾಜಪೇಟೆಯ ಕೋಟೆ ಹೈಸ್ಕೂಲಿನ ಮೈದಾನ ಗೊತ್ತಾಯಿತು. ಅದೂ ನಮ್ಮದರಂತೆ ಸರ್ಕಾರಿ ಶಾಲೆ. ಶ್ರೀ ರಾಮಸೇವಾ ಮಂಡಳಿಯವರು 1939ರಲ್ಲಿ ಶುರು ಮಾಡಿದ ರಾಮನವಮಿ ಸಂಗೀತೋತ್ಸವಕ್ಕೆ ಆ ಮೈದಾನದಲ್ಲಿ ಚಪ್ಪರ ಏಳುತ್ತದೆ. ಮೊದಮೊದಲು ವಾರಕ್ಕೆ ಮೂರು ದಿನ ಹೋಗುತ್ತಿದ್ದೆ. ಆಮೇಲೆ ಅಮೆರಿಕದವರ ಜೊತೆ ರಾತ್ರಿ ಮೀಟಿಂಗುಗಳು ಬಂದವು. ಈಗ ಗಾಡಿ ನಿಲ್ಲಿಸಲು ಜಾಗ ಇದೆಯೇ ಎಂದು ಮೊದಲು ಕೇಳುತ್ತೇನೆ, ಯಾರು ಹಾಡುತ್ತಾರೆ ಎಂದು ಆಮೇಲೆ. ಮಗಳು ಚಿಕ್ಕವಳು, ಹಾಗಾಗಿ ಸಾಲಿನ ತುದಿಯ ಕುರ್ಚಿಯೇ ಬೇಕು. ವಯಸ್ಸಾದಂತೆ ಇದು ಎಲ್ಲರಿಗೂ ಆಗುವಂಥದ್ದೇ, ಇದರಲ್ಲಿ ದುಃಖಪಡುವುದು ಏನೂ ಇಲ್ಲ.

ಮೂರನೆಯದು ನನ್ನ ಕಸುಬಿಗೆ ಸೇರಿದ್ದು. ಸ್ಪಾಟಿಫೈಯಲ್ಲಿ ಒಂದು ಹಾಡು 30 ಸೆಕೆಂಡು ಓಡಿದರೆ ಒಂದು ಸಲ ಕೇಳಿದ ಲೆಕ್ಕ. ಹಾಗಾಗಿ ಹೊಸ ಹಾಡುಗಳಿಗೆ ಶುರುವಿನಲ್ಲೇ ಕೇಳುಗನನ್ನು ಹಿಡಿಯುವ ಅವಸರ. ನಮ್ಮ ಖ್ಯಾಲ್ ಗಾಯನದಲ್ಲಿ ಅತಿ ವಿಳಂಬಿತ ಏಕತಾಳ ಇದೆಯಲ್ಲ, ಅದರ 12 ಮಾತ್ರೆಯ ಒಂದೇ ಆವರ್ತನ ಮುಗಿಯಲು 30 ಸೆಕೆಂಡು ಸಾಲುವುದಿಲ್ಲ. ಯಂತ್ರ ಕೇಳಿದ್ದಾಯಿತು ಎಂದು ಲೆಕ್ಕ ಬರೆಯುವ ಹೊತ್ತಿಗೆ ಗಾಯಕರು ಇನ್ನೂ ಮೊದಲ ಸಮ್‌ಗೆ ಬಂದಿರುವುದಿಲ್ಲ.

ಇದನ್ನು ಹೇಳಿ ನಾನು ಯಂತ್ರವನ್ನು ದೂರುತ್ತಿಲ್ಲ. ಅದೇ ನನಗೆ ಅನ್ನ ಹಾಕುತ್ತಿದೆ. ಭೀಮಸೇನ ಜೋಶಿಯವರಿಗೂ ಚಿಕ್ಕಂದಿನಲ್ಲಿ ಸಂಗೀತದ ಹುಚ್ಚು ಹಿಡಿಸಿದ್ದು ಅಬ್ದುಲ್ ಕರೀಂ ಖಾನರ ಗ್ರಾಮೊಫೋನ್ ರೆಕಾರ್ಡು. ಅದರ ಒಂದು ಬದಿ ಮೂರು ನಿಮಿಷದ ಆಸುಪಾಸು ಓಡುತ್ತಿತ್ತು, ಅಷ್ಟೇ. ಆದರೆ ಆ ಹುಡುಗ ರೆಕಾರ್ಡಿನ ಮುಂದೆ ಕೂತುಬಿಡಲಿಲ್ಲ, ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ಹೋದ. ಆಸೆ ಹುಟ್ಟಿಸಲು ಯಂತ್ರ ಸಾಕು, ಕಲಿಯಲು ಮನುಷ್ಯರು ಬೇಕು.

ಕೇಳುವುದಕ್ಕೂ ಇದೇ ಮಾತು. ತಾಳ ಹಾಕುವುದು ನನಗೆ ಯಾವ ಪುಸ್ತಕದಿಂದಲೂ ಬರಲಿಲ್ಲ. ಪಕ್ಕದಲ್ಲಿ ಕೂತ ಹಿರಿಯರೊಬ್ಬರು ತೊಡೆಯ ಮೇಲೆ ಬೆರಳು ಎಣಿಸುತ್ತಿದ್ದರು. ಸಮ್ ಬಂದಾಗ ಅವರ ತಲೆ ಆಡುತ್ತಿತ್ತು. ನಾಲ್ಕೈದು ಕಾರ್ಯಕ್ರಮ ಆದ ಮೇಲೆ ನನ್ನ ತಲೆಯೂ ಅದೇ ಜಾಗದಲ್ಲಿ ಆಡಿತು. ಫೋನಿನಲ್ಲಿ ಎಲ್ಲ ರಾಗಗಳೂ ಇವೆ, ಹೀಗೆ ಪಕ್ಕದಲ್ಲಿ ಕೂರುವವರು ಇಲ್ಲ.

ಈಗ ನಮ್ಮೂರಿನ ಮಾತಿಗೆ ಬರುತ್ತೇನೆ. ನಮ್ಮ ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ಹಿಡಿದು ಕೂರುವ ಅಜ್ಜ ಒಬ್ಬರೇ ಉಳಿದಿದ್ದಾರೆ. ಹಾಡು ತಪ್ಪಿದರೆ ಮುಖ ನೋಡಿಯೇ ತಿದ್ದುವ ಹಿರಿಯರೆಲ್ಲ ಎಪ್ಪತ್ತು ದಾಟಿದವರು. ಅವರ ಪಕ್ಕ ನಮ್ಮ ಮಕ್ಕಳು ಇನ್ನು ಹತ್ತು ವರ್ಷದೊಳಗೆ ಕೂರದಿದ್ದರೆ ಆಮೇಲೆ ಕೂರೋಣವೆಂದರೂ ಯಾರೂ ಇರುವುದಿಲ್ಲ.

ಅದಕ್ಕೆ ನನ್ನದೊಂದು ಸಲಹೆ. ಅಹೋರಾತ್ರಿ ಸಂಗೀತ ಈಗ ಆಗದು, ಆಗಬೇಕೆಂದೂ ಇಲ್ಲ. ಬೆಳಿಗ್ಗೆ 6ಕ್ಕೆ ಯಾರ ಅಡ್ಡಿಯೂ ಇಲ್ಲ. ಡಿಸೆಂಬರಿನಲ್ಲಿ ಆ ಹೊತ್ತಿಗೆ ಇನ್ನೂ ಕತ್ತಲೆ ಇರುತ್ತದೆ. ನಮ್ಮ ಹಿರಿಯರು ರಾತ್ರಿಯೆಲ್ಲ ಎಚ್ಚರವಿದ್ದು ಕೇಳುತ್ತಿದ್ದ ಲಲಿತ್, ಭೈರವ್ ರಾಗಗಳನ್ನು ನಾವು ಬೇಗ ಎದ್ದು ಕೇಳೋಣ. ವರ್ಷಕ್ಕೊಂದು ಭಾನುವಾರ, ಇದೇ ಮೈದಾನದ ಬೇವಿನ ಮರದ ಕೆಳಗೆ ಜಮಖಾನ ಹಾಸೋಣ. ಇನ್ನೂರು ಜನರಿಗೆ ಮೈಕ್ ಬೇಕಿಲ್ಲ, ನಾವು ಸುಮ್ಮನೆ ಕೂತರೆ ಸಾಕು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು, ಪುಟ್ಟರಾಜ ಗವಾಯಿಗಳು ಅಂಧ ಮಕ್ಕಳಿಗೆ ಸಂಗೀತ ಕಲಿಸಿ ಬೆಳೆಸಿದ ಪರಂಪರೆ ಇದೆ. ಅಲ್ಲಿ ಕಲಿತ ಯುವ ಗಾಯಕರನ್ನು ಕರೆಯೋಣ. ಒಂದು ವರ್ಷ ಒಂದು ಬ್ಯಾಚಿನ ಹಳೆಯ ವಿದ್ಯಾರ್ಥಿಗಳು ಖರ್ಚು ಹೊರಲಿ. ಮೊದಲನೆಯದನ್ನು ನಮ್ಮ ಬ್ಯಾಚು ಹೊರುತ್ತದೆ. ಗೆಳೆಯರನ್ನು ಕೇಳಿಯೇ ಹೇಳುತ್ತಿದ್ದೇನೆ.

ನಿಯಮ ಎರಡೇ ಇರಲಿ. ಫೋನು ಜೇಬಿನಲ್ಲಿರಬೇಕು. ಪ್ರತಿ ಹಿರಿಯರ ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿ ಕೂರಬೇಕು. ಮುಗಿದ ಮೇಲೆ ಎಲ್ಲರಿಗೂ ಉಪ್ಪಿಟ್ಟು, ಚಹಾ.

ಮುಖ್ಯೋಪಾಧ್ಯಾಯರು ಮೈದಾನ ಕೊಡಬೇಕು, ಹಿರಿಯರು ಬಂದು ಕೂರಬೇಕು ಎಂದು ಕೈಮುಗಿದು ಕೇಳಿಕೊಳ್ಳುತ್ತಾ ನನ್ನ ಮಾತು ಮುಗಿಸುತ್ತೇನೆ.