ಸುಗ್ಗಿಯ ದುಡ್ಡು, ವರ್ಷದ ಸಂಸಾರ

ಮನೆಯ ಖರ್ಚನ್ನು ಹಿಡಿತದಲ್ಲಿಡುವುದು ಹೇಗೆಂದು ಬುದ್ಧಿ ಹೇಳುವವರಿಗೆ ಕೊರತೆಯಿಲ್ಲ. ತಿಂಗಳ ಮೊದಲ ದಿನ ಸಂಬಳ ಬಂದೊಡನೆ ಇಷ್ಟು ಬಾಡಿಗೆಗೆ, ಇಷ್ಟು ದಿನಸಿಗೆ, ಇಷ್ಟು ಉಳಿತಾಯಕ್ಕೆ ಎಂದು ವಿಂಗಡಿಸಿಡಿ ಎನ್ನುತ್ತಾರೆ. ಮಾತು ಸರಿಯೇ. ಆದರೆ ತಿಂಗಳ ಸಂಬಳವೇ ಇಲ್ಲದ ಮನೆ ಏನು ಮಾಡಬೇಕು? ಶ್ರೀನಿವಾಸಪುರದಂಥ ಊರಿನಲ್ಲಿ ಸಂಬಳದ ಮನೆ ಹತ್ತಿದ್ದರೆ ಸುಗ್ಗಿಯ ಮನೆ ನೂರು. ಇಲ್ಲಿ ದುಡ್ಡು ಬರುವುದು ಮಾವಿನ ಕಾಲಕ್ಕೆ. ಮೇ ತಿಂಗಳ ನಡುವಿನಿಂದ ಜುಲೈ ಕೊನೆಯವರೆಗೆ ಮಂಡಿಗಳು ತುಂಬಿರುತ್ತವೆ. ತೋಟದವರ ಕೈಯಲ್ಲಿ ದುಡ್ಡು ಆಡುತ್ತದೆ. ಅವರ ಕೈಯಿಂದ ಬಟ್ಟೆ ಅಂಗಡಿಗೆ, ಹೋಟೆಲಿಗೆ, ಆಟೋದವನಿಗೆ, ಕಾಯಿ ತುಂಬುವ ಕೂಲಿಯವನಿಗೆ ಹರಿಯುತ್ತದೆ. ಆಗಸ್ಟ್ ಬಂತೆಂದರೆ ಹರಿವು ನಿಂತಿತು. ನಡುನಡುವೆ ಡೇರಿಯ ಹಾಲಿನ ದುಡ್ಡು, ರೇಷ್ಮೆಗೂಡಿನ ದುಡ್ಡು ಬಂದರೂ ಅದು ಅಂದಂದಿನ ಖರ್ಚಿಗೇ ಸರಿಹೋಗುತ್ತದೆ.

ಖರ್ಚಾದರೋ ಸುಗ್ಗಿಗೆ ಕಾಯುವುದಿಲ್ಲ. ಜೂನ್‌ನಲ್ಲಿ ಮಕ್ಕಳ ಶಾಲೆ, ಆಮೇಲೆ ಗೌರಿ ಗಣೇಶ, ದಸರಾ, ದೀಪಾವಳಿ. ಡಿಸೆಂಬರ್, ಜನವರಿಯಲ್ಲಿ ಮಾವು ಹೂ ಬಿಡುವಾಗ ತೋಟಕ್ಕೆ ಔಷಧಿ ಹೊಡೆಯಬೇಕು. ಬೇಸಿಗೆ ಬಂದರೆ ಮದುವೆ ಮುಂಜಿಗಳ ಉಡುಗೊರೆ. ಜೂನ್‌ನಲ್ಲಿ ಉದಾರವಾಗಿದ್ದ ಕೈ ಫೆಬ್ರವರಿಯಲ್ಲಿ ಸಾಲಕ್ಕೆ ಚಾಚುತ್ತದೆ. ಆದ್ದರಿಂದ ನಮ್ಮ ಊರಿನ ಮಟ್ಟಿಗೆ ಮಿತವ್ಯಯವೆಂದರೆ ಕಾಫಿಗೆ ಸಕ್ಕರೆ ಕಡಿಮೆ ಮಾಡುವುದಲ್ಲ. ಎರಡೂವರೆ ತಿಂಗಳ ದುಡ್ಡನ್ನು ಹನ್ನೆರಡು ತಿಂಗಳಿಗೆ ಎಳೆಯುವುದು. ಇದೊಂದು ಸಾಧಿಸಿದರೆ ಉಳಿದ ಸಣ್ಣಪುಟ್ಟ ಉಳಿತಾಯಗಳಿಗೆ ಅರ್ಥ ಬರುತ್ತದೆ.

ಹಾಗೆ ಎಳೆಯದಿದ್ದರೆ ಆಗುವ ನಷ್ಟವನ್ನು ಲೆಕ್ಕ ಹಾಕಿ ನೋಡೋಣ. ಕೈಸಾಲದ ಬಡ್ಡಿಯನ್ನು ನಮ್ಮಲ್ಲಿ ತಿಂಗಳ ಲೆಕ್ಕದಲ್ಲಿ ಹೇಳುವುದು ರೂಢಿ. ‘ನೂರಕ್ಕೆ ಮೂರು ರೂಪಾಯಿ ಬಡ್ಡಿ’ ಎಂದರೆ ಕಿವಿಗೆ ಹಗುರ. ವರ್ಷಕ್ಕೆ ಅದು ನೂರಕ್ಕೆ 36 ಆಯಿತು. ಡಿಸೆಂಬರಿನಲ್ಲಿ 20,000 ರೂಪಾಯಿ ತಂದು ಜೂನ್‌ನಲ್ಲಿ ತೀರಿಸಿದರೆ ಆರು ತಿಂಗಳಿಗೆ 3,600 ರೂಪಾಯಿ ಬಡ್ಡಿ. ಮನೆಯಲ್ಲಿರುವ ಒಡವೆಯನ್ನು ಬ್ಯಾಂಕಿನಲ್ಲಿಟ್ಟು ಅಷ್ಟೇ ಹಣ ತಂದರೆ, ಬಡ್ಡಿ ವರ್ಷಕ್ಕೆ ನೂರಕ್ಕೆ ಹತ್ತು ಎಂದಿಟ್ಟುಕೊಂಡರೂ, 1,000 ರೂಪಾಯಿ. ಜೂನ್‌ನಲ್ಲೇ ಆ 20,000 ಎತ್ತಿಟ್ಟಿದ್ದರೆ ಬಡ್ಡಿಯೇ ಇಲ್ಲ. ವರ್ಷವೆಲ್ಲ ಸೊಪ್ಪಿನವಳ ಹತ್ತಿರ ಚೌಕಾಸಿ ಮಾಡಿ ಉಳಿಸಿದ್ದನ್ನು ಈ ಒಂದು ಬಡ್ಡಿ ನುಂಗಿಬಿಡುತ್ತದೆ.

ತೋಟವಿರುವ ಮನೆಗೆ ಇದಕ್ಕಿಂತ ದೊಡ್ಡ ನಷ್ಟವೊಂದಿದೆ. ಔಷಧಿಗೆ ಕೈಯಲ್ಲಿ ದುಡ್ಡಿಲ್ಲವೆಂದು ಹೂವಿನಲ್ಲೇ ತೋಟವನ್ನು ವ್ಯಾಪಾರಿಗೆ ಗುತ್ತಿಗೆ ಕೊಡುವುದುಂಟು. ಮುಂಗಡ ಕೈಗೆ ಬಂತು ಎನ್ನುವ ಸಮಾಧಾನವೇನೋ ಇದೆ. ಆದರೆ ಬೆಳೆ ಚೆನ್ನಾಗಿ ಬಂದ ವರ್ಷ ಅದರ ಲಾಭ ಮನೆಗಿಲ್ಲ. ಆದ್ದರಿಂದ ಸುಗ್ಗಿಯ ದುಡ್ಡು ಕೈಗೆ ಬಂದಾಗ ಅದನ್ನು ಹೀಗೆ ಹಂಚಿರಿ. ಮೊದಲನೆಯದು, ಹೆಚ್ಚಿನ ಬಡ್ಡಿಯ ಸಾಲ ತೀರಿಸಲು. ಎರಡನೆಯದು, ಮುಂದಿನ ಬೆಳೆಯ ಉಳುಮೆಗೆ ಮತ್ತು ಔಷಧಿಗೆ. ಅಂಗಡಿಯವರಾದರೆ ಮುಂದಿನ ಸರಕಿಗೆ. ಮೂರನೆಯದು, ಮಕ್ಕಳ ಶಾಲೆಗೆ. ಇವು ಮೂರನ್ನೂ ತೆಗೆದಿಟ್ಟು ಉಳಿದದ್ದನ್ನು ಹನ್ನೆರಡರಿಂದ ಭಾಗಿಸಿರಿ. ಬಂದ ಭಾಗಲಬ್ಧವೇ ನಿಮ್ಮ ತಿಂಗಳ ಸಂಬಳ. ಮನೆಗೆ ಬೇಕಾದ ಹೊಸ ಸಾಮಾನು, ಒಡವೆ, ಮೊಬೈಲು ಎಲ್ಲವೂ ಈ ಭಾಗಾಕಾರ ಮುಗಿದ ಮೇಲಿನ ಮಾತು.

ಹಂಚಿದ ದುಡ್ಡನ್ನು ಬೀರುವಿನಲ್ಲಿಟ್ಟರೆ ಅದು ನಿಲ್ಲುವುದಿಲ್ಲ. ಇಲ್ಲಿ ಅಂಚೆ ಕಚೇರಿಯ ಆರ್.ಡಿ. ಖಾತೆಯನ್ನು ನೆನೆಯಬೇಕು. ತಿಂಗಳಿಗೆ 100 ರೂಪಾಯಿಯಿಂದ ಇದನ್ನು ತೆರೆಯಬಹುದು, ಅವಧಿ ಐದು ವರ್ಷ. 2023ರ ಅಕ್ಟೋಬರಿನಲ್ಲಿ ಇದರ ಬಡ್ಡಿಯನ್ನು ಶೇಕಡ 6.7ಕ್ಕೆ ಏರಿಸಿದರು. ಆ ದರದಲ್ಲಿ ತಿಂಗಳಿಗೆ 500 ರೂಪಾಯಿ ಕಟ್ಟಿದರೆ ಐದು ವರ್ಷಕ್ಕೆ ಕಟ್ಟಿದ 30,000 ರೂಪಾಯಿ ಸುಮಾರು 35,680 ಆಗುತ್ತದೆ. ‘ನಮಗೆ ತಿಂಗಳು ತಿಂಗಳು ಕಟ್ಟಲಾಗುವುದಿಲ್ಲ’ ಎನ್ನುವಿರಾ? ಹನ್ನೆರಡು ಕಂತುಗಳನ್ನು ಒಟ್ಟಿಗೆ ಮುಂಗಡವಾಗಿ ಕಟ್ಟಲು ಅವಕಾಶವಿದೆ. ಹಾಗೆ ಕಟ್ಟಿದವರಿಗೆ ನೂರು ರೂಪಾಯಿ ಕಂತಿಗೆ 40 ರೂಪಾಯಿಯಂತೆ ಸೋಡಿ ಸಿಗುತ್ತದೆ. 500 ರೂಪಾಯಿ ಕಂತಿನವರು ಜೂನ್‌ನಲ್ಲಿ 6,000ದ ಬದಲು 5,800 ಕಟ್ಟಿ ವರ್ಷವಿಡೀ ನಿಶ್ಚಿಂತರಾಗಿರಬಹುದು. ಸುಗ್ಗಿಯ ಮನೆಗೆಂದೇ ಮಾಡಿದಂತಿರುವ ಸೌಕರ್ಯವಿದು. ಹನ್ನೆರಡು ಕಂತು ಕಟ್ಟಿ ವರ್ಷ ತುಂಬಿದ ಮೇಲೆ, ಖಾತೆಯಲ್ಲಿರುವ ಹಣದ ಅರ್ಧದಷ್ಟನ್ನು ಸಾಲವಾಗಿ ಪಡೆಯಬಹುದು. ಅದರ ಬಡ್ಡಿ ಖಾತೆಯ ಬಡ್ಡಿಗಿಂತ ಎರಡೇ ಹೆಚ್ಚು. 36 ಎಲ್ಲಿ, 8.7 ಎಲ್ಲಿ!

ಚೀಟಿಯ ವಿಷಯವನ್ನೂ ಹೇಳಬೇಕು. ಚೀಟಿ ಕಟ್ಟುವುದು ತಪ್ಪಲ್ಲ. ಆದರೆ ಚೀಟಿಗೆಂದೇ 1982ರ ಕೇಂದ್ರ ಕಾನೂನಿದೆ. ನಡೆಸುವವರು ನೋಂದಣಿ ಮಾಡಿಸಿರಬೇಕು. ‘ನಮ್ಮ ಬೀದಿಯವರೇ, ನಮ್ಮವರೇ’ ಎಂಬ ನಂಬಿಕೆ ಒಳ್ಳೆಯದು. ನೋಂದಣಿ ಸಂಖ್ಯೆಯನ್ನು ಕೇಳಿ ಬರೆದುಕೊಳ್ಳುವುದು ಇನ್ನೂ ಒಳ್ಳೆಯದು. ರೈತರು ಬೆಳೆಸಾಲಕ್ಕೆ ಸಹಕಾರ ಸಂಘವನ್ನು ಮೊದಲು ವಿಚಾರಿಸಲಿ. ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು ರಾಜ್ಯ ಸರ್ಕಾರ 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿತು.

ಸುಗ್ಗಿಯನ್ನು ಪೂರ್ತಿಯಾಗಿ ನಂಬಿ ಕೂರುವುದೂ ಸಲ್ಲದೆಂಬ ಪಾಠ 2025ರಲ್ಲಿ ಸಿಕ್ಕಿತು. ನಮ್ಮ ತೋತಾಪುರಿ ಕಾಯಿಯಲ್ಲಿ ಬಹುಭಾಗ ಗಡಿ ದಾಟಿ ಚಿತ್ತೂರಿನ ಮಾವಿನ ತಿರುಳಿನ ಕಾರ್ಖಾನೆಗಳಿಗೆ ಹೋಗುವಂಥದು. ಆ ಜೂನ್‌ನಲ್ಲಿ ಹೊರ ರಾಜ್ಯದ ತೋತಾಪುರಿ ಒಳಗೆ ಬರಕೂಡದೆಂದು ಚಿತ್ತೂರು ಜಿಲ್ಲಾಡಳಿತ ಆದೇಶ ಹೊರಡಿಸಿತು. ಬೆಲೆ ಕುಸಿಯಿತು, ಶ್ರೀನಿವಾಸಪುರದಲ್ಲಿ ಬಂದ್ ನಡೆಯಿತು. ಬೆಲೆಯ ವ್ಯತ್ಯಾಸವನ್ನು ತುಂಬಿಕೊಡುವ ಯೋಜನೆಗೆ ಆಮೇಲೆ ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತು, ನಿಜ. ಆದರೆ ಸರ್ಕಾರದ ಪರಿಹಾರ ಬರುವವರೆಗೆ ಒಲೆ ಉರಿಯಬೇಕಲ್ಲ? ಹಿಂದಿನ ವರ್ಷದ ಉಳಿಕೆಯಿದ್ದ ಮನೆಗೆ ಇಂಥ ವರ್ಷ ಕಷ್ಟದ ವರ್ಷ. ಉಳಿಕೆಯಿಲ್ಲದ ಮನೆಗೆ ಅದು ಸಾಲದ ವರ್ಷ. ಎರಡು ತಿಂಗಳ ಖರ್ಚಿನಷ್ಟು ಹಣವನ್ನು ಯಾವ ಕಾರಣಕ್ಕೂ ಮುಟ್ಟದೆ ಬೇರೆ ಇಡಬೇಕೆಂದು ಹೇಳುವುದು ಇದಕ್ಕಾಗಿಯೇ.

ಇನ್ನು ಅಡಿಗೆಮನೆಗೆ ಬರೋಣ. ಸುಗ್ಗಿಯದನ್ನು ವರ್ಷಕ್ಕೆ ಎಳೆಯುವ ವಿದ್ಯೆ ನಮ್ಮ ತಾಯಂದಿರಿಗೆ ಹೊಸದಲ್ಲ. ರಾಗಿಯನ್ನು ಒಕ್ಕಣೆಯಾದ ಕಾಲದಲ್ಲಿ ಕೊಂಡು, ಒಣಗಿಸಿ ತುಂಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಹುಣಸೆಹಣ್ಣನ್ನು ಬೇಸಿಗೆಯ ಮೊದಲಲ್ಲಿ ಕೊಂಡು, ಬೀಜ ತೆಗೆದು, ಉಪ್ಪು ಬೆರೆಸಿ ಮಡಕೆಯಲ್ಲಿಟ್ಟರೆ ಮುಂದಿನ ಹುಣಸೆಯವರೆಗೆ ಚಿಂತೆಯಿಲ್ಲ. ಅವರೆಯ ಕಾಲದಲ್ಲಿ ಹಿದುಕಿದ ಬೇಳೆ ಉಂಡದ್ದಾದ ಮೇಲೆ ಒಣಗಿದ ಕಾಳನ್ನು ವರ್ಷಕ್ಕಾಗುವಷ್ಟು ಎತ್ತಿಡಿ. ಗಾಳಿಗೆ ಉದುರಿದ ಎಳೆ ಮಾವಿನಕಾಯಿ ಅಗ್ಗ. ಅದನ್ನು ಹೋಳು ಮಾಡಿ, ಉಪ್ಪು ಹಚ್ಚಿ, ಬಿಸಿಲಲ್ಲಿ ಒಣಗಿಸಿಟ್ಟರೆ ಸಾರಿಗೆ ಹುಳಿಯಾಯಿತು.

ಈ ಹುಳಿಯ ಮಾತನ್ನು ಸ್ವಲ್ಪ ಯೋಚಿಸಿ ನೋಡಿ. ಟೊಮೇಟೊ ವ್ಯಾಪಾರಕ್ಕೆ ಹೆಸರಾದದ್ದು ನಮ್ಮ ಕೋಲಾರದ ಮಾರುಕಟ್ಟೆ. ಅಲ್ಲಿಯೇ 2023ರ ಜುಲೈಯಲ್ಲಿ 15 ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತು. ಬೇರೆ ಕಾಲದಲ್ಲಿ ಬೆಲೆ ಸಿಗದೆ ರಸ್ತೆಗೆ ಸುರಿಯುವುದನ್ನೂ ಕಂಡಿದ್ದೇವೆ. ಸಾರಿಗೆ ಬೇಕಾದದ್ದು ಹುಳಿ. ಅದು ಟೊಮೇಟೊದಿಂದಲೇ ಬರಬೇಕೆಂಬ ಹಟ ಬೇಡ. ಟೊಮೇಟೊ ಅಗ್ಗವಿದ್ದಾಗ ಟೊಮೇಟೊ, ಮಾವಿನ ಕಾಲಕ್ಕೆ ಮಾವು, ಎರಡೂ ತುಟ್ಟಿಯಾದಾಗ ಮಡಕೆಯ ಹುಣಸೆ. ನಾಲಗೆಗೂ ಬದಲಾವಣೆ, ಕೈಗೂ ಉಳಿತಾಯ.

ನಮ್ಮ ಕಡೆಯ ಬಸ್ಸಾರನ್ನು ನೋಡಿ. ಕಾಳು, ಸೊಪ್ಪು ಒಂದೇ ಪಾತ್ರೆಯಲ್ಲಿ ಬೇಯುತ್ತವೆ. ಬಸಿದ ಕಟ್ಟು ಸಾರಾಗುತ್ತದೆ, ಉಳಿದ ಕಾಳುಸೊಪ್ಪು ಪಲ್ಯವಾಗುತ್ತದೆ. ಒಂದು ಬೇಯಿಸುವಿಕೆಯಲ್ಲಿ ಮುದ್ದೆಗೆ ಎರಡು ವ್ಯಂಜನ, ಸತ್ವವೂ ನೀರಿನೊಡನೆ ಚರಂಡಿಗೆ ಹೋಗುವುದಿಲ್ಲ. ಕಾಳನ್ನು ರಾತ್ರಿಯೇ ನೆನೆಹಾಕಿ ಕುಕ್ಕರಿನಲ್ಲಿ ಬೇಯಿಸಿದರೆ ಗ್ಯಾಸೂ ಉಳಿಯಿತು. ಹೊಸ ಸಿಲಿಂಡರ್ ಹಚ್ಚಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿರಿ. ಒಂದು ಸಿಲಿಂಡರ್ ಎಷ್ಟು ದಿನ ಬಂತೆಂದು ತಿಳಿದರೆ, ಅದನ್ನು ಇನ್ನೆರಡು ದಿನ ಎಳೆಯಬೇಕೆಂಬ ಹುರುಪು ತಾನಾಗಿ ಬರುತ್ತದೆ.

ವಿದ್ಯುತ್ತಿನಲ್ಲಿಯೂ ಹೀಗೆಯೇ. 2023ರಲ್ಲಿ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಬಿಲ್ಲು ಬರುವುದಿಲ್ಲವೆಂದು ಮೀಟರನ್ನೇ ಮರೆತವರುಂಟು. ಪ್ರತಿ ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯ ಮೇಲೆ ಒಂದು ಮಿತಿಯಿದೆ. ಮಿತಿ ದಾಟಿದರೆ ದಾಟಿದಷ್ಟಕ್ಕೆ ಹಣ ಕೊಡಬೇಕು. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನೇ ಕಟ್ಟಬೇಕು. ನೀರು ಕಾಯಿಸುವ 1,500 ವಾಟಿನ ಕಾಯಿಲ್ ದಿನಕ್ಕೆ ಒಂದು ಗಂಟೆ ಉರಿದರೆ ತಿಂಗಳಿಗೆ 45 ಯೂನಿಟ್ ಆಯಿತು. 60 ವಾಟಿನ ಹಳೆಯ ಬಲ್ಬು ದಿನಕ್ಕೆ ಐದು ಗಂಟೆ ಉರಿದರೆ 9 ಯೂನಿಟ್. ಅಷ್ಟೇ ಬೆಳಕು ಕೊಡುವ 9 ವಾಟಿನ ಎಲ್‌ಇಡಿಗೆ ಒಂದೂವರೆ ಯೂನಿಟ್ ಕೂಡ ಬೇಡ. ತಿಂಗಳ ನಡುವೆ ಒಮ್ಮೆ ಮೀಟರ್ ನೋಡಿ ಬರೆದುಕೊಳ್ಳುವ ಕೆಲಸವನ್ನು ಶಾಲೆಗೆ ಹೋಗುವ ಮಗುವಿಗೆ ವಹಿಸಿ. ಲೆಕ್ಕವೂ ಕಲಿತಂತಾಯಿತು.

ಗೃಹಲಕ್ಷ್ಮಿಯ 2,000 ರೂಪಾಯಿ ಬರುವ ಮನೆಗಳಲ್ಲಿ ಒಂದು ಸೂಚನೆ. ಆ ಹಣ ಕೆಲವು ಸಲ ತಡವಾಗಿ ಬರುವುದುಂಟು. ಆದ್ದರಿಂದ ಹಾಲು, ಬಾಡಿಗೆಗಳನ್ನು ಅದರ ಮೇಲೆ ಹೊರಿಸಬೇಡಿ. ಬಂದಾಗ ಅದನ್ನು ಮನೆಯೊಡತಿಯ ಹೆಸರಿನಲ್ಲಿಯೇ ಉಳಿಯಗೊಡಿ.

ಕೊನೆಯದಾಗಿ ಒಂದು ಎಚ್ಚರಿಕೆ. ಮಿತವ್ಯಯ ಬೇರೆ, ಜಿಪುಣತನ ಬೇರೆ. ಮಕ್ಕಳ ಹಾಲಿನಲ್ಲಿ, ಹಿರಿಯರ ಔಷಧಿಯಲ್ಲಿ, ಬಸುರಿ ಬಾಣಂತಿಯರ ಊಟದಲ್ಲಿ ಉಳಿಸಿದ ದುಡ್ಡು ಆಸ್ಪತ್ರೆಗೆ ಹೋಗುತ್ತದೆ. ಎಲ್ಲಿ ಕೈ ಬಿಗಿಹಿಡಿಯಬೇಕು, ಎಲ್ಲಿ ಸಡಿಲಿಸಬೇಕು ಎಂಬುದನ್ನು ಗಂಡ ಹೆಂಡತಿ ಇಬ್ಬರೂ ಕೂತು ತೀರ್ಮಾನಿಸಬೇಕು. ಒಬ್ಬರು ಕಟ್ಟಿಟ್ಟದ್ದನ್ನು ಇನ್ನೊಬ್ಬರು ಬಿಚ್ಚುವ ಮನೆಯಲ್ಲಿ ಯಾವ ಉಪಾಯವೂ ಫಲಿಸದು. ಎರಡು ರೂಲಿನ ಒಂದು ನೋಟ್‌ಬುಕ್ ತನ್ನಿ. ಎಡಗಡೆ ಬಂದದ್ದು, ಬಲಗಡೆ ಹೋದದ್ದು. ದಿನಾ ರಾತ್ರಿ ಊಟವಾದ ಮೇಲೆ ಐದು ನಿಮಿಷ ಸಾಕು. ಈ ಸುಗ್ಗಿಯಿಂದ ಮುಂದಿನ ಸುಗ್ಗಿಯವರೆಗೆ ಬರೆದು ನೋಡಿ. ನಿಮ್ಮ ಮನೆಯ ದುಡ್ಡು ಯಾವ ತಿಂಗಳಿನಲ್ಲಿ, ಯಾವ ದಾರಿಯಲ್ಲಿ ಹೋಗುತ್ತಿದೆಯೆಂದು ಆ ಪುಸ್ತಕವೇ ನಿಮಗೆ ಹೇಳುತ್ತದೆ.